ಊರಿನ ಸರಾಸರಿ 16 ಸಾವಿರ, ನಮಗೆ 12 ಸಾವಿರ: ಮೋಸವೋ, ಲೆಕ್ಕವೇ ಹೀಗೋ?

ಮೆಣಸಿನಹೊಲ (ಬ್ಯಾಡಗಿ ತಾಲ್ಲೂಕು)
ಎಲ್ಲರಿಗೂ ನಮಸ್ಕಾರ. ಮೊನ್ನೆ ನಮ್ಮ ಊರಿಂದ ಒಂಬತ್ತು ಮನೆಯವರು ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದಿದ್ದೆವು. ಕ್ವಿಂಟಲ್‌ಗೆ ಸಿಕ್ಕ ಬೆಲೆ ಸಾವಿರದ ಲೆಕ್ಕದಲ್ಲಿ, ದುಂಡು ಮಾಡಿ ಬರೆಯುತ್ತೇನೆ: 8, 9, 10, 12, 12, 12, 15, 16, 50. ನಮ್ಮದು 12.

ಊರಿಗೆ ಬಂದ ಮೇಲೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು ಎಲ್ಲ ಕೂಡಿಸಿ, 9ರಿಂದ ಭಾಗಿಸಿ "ನಮ್ಮೂರಿನ ಸರಾಸರಿ 16 ಸಾವಿರ" ಅಂತ ಹಾಕಿದರು. ಅವತ್ತಿಂದ ಅಪ್ಪನಿಗೆ ಸಮಾಧಾನವಿಲ್ಲ. ಸರಾಸರಿಗಿಂತ 4 ಸಾವಿರ ಕಡಿಮೆ ಅಂದರೆ ದಲಾಲಿ ಅಂಗಡಿಯಲ್ಲಿ ಮೋಸ ಆಗಿದೆ ಅನ್ನೋದು ಅವರ ಮಾತು. ಆದರೆ ಎಪಿಎಂಸಿ ದರಪಟ್ಟಿ ನೋಡಿದರೆ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರೇ ಕಾಲಂ. ಸರಾಸರಿ ಅನ್ನೋದೇ ಇಲ್ಲ. ಮಾದರಿ ದರಕ್ಕೆ ನಮ್ಮ ಬೆಲೆ ಹತ್ತಿರವೇ ಇದೆ. ಯಾವುದನ್ನು ನಂಬಬೇಕು? ಸಂಖ್ಯಾಶಾಸ್ತ್ರ ಓದಿದವರು ಇದ್ದರೆ ಬಿಡಿಸಿ ಹೇಳಿ. ಅಪ್ಪನಿಗೆ ಓದಿ ಹೇಳಬೇಕು.

ಹಾನಗಲ್_ಭತ್ತ
ಮೋಸವೇ. ಬೇರೆ ಮಾತೇ ಬೇಡ.

ಯಾರ್ಡ್_ಗುಮಾಸ್ತ
ಸುಮ್ನೆ ಹಾಗೆ ಹೇಳಬೇಡಿ ರೀ. ಬೆಲೆ ಟೆಂಡರ್‌ನಲ್ಲಿ ಬರುತ್ತದೆ. ಒಂದೊಂದು ಲಾಟಿಗೂ ಖರೀದಿದಾರರು ದರ ಹಾಕುತ್ತಾರೆ, ಜಾಸ್ತಿ ಹಾಕಿದವರಿಗೆ ಮಾಲು ಹೋಗುತ್ತದೆ. ಎಲ್ಲಿಯೂ ಮೋಸವೇ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಸರಾಸರಿಗಿಂತ ಕಡಿಮೆ ಬಂತು ಅನ್ನೋದೊಂದೇ ಅದಕ್ಕೆ ಸಾಕ್ಷಿ ಆಗಲ್ಲ.

ಸಪ್ತಾಪುರ_ಮೇಷ್ಟ್ರು (ಧಾರವಾಡ)
ತಮ್ಮಾ, ಅಪ್ಪನ ಹತ್ತಿರ ಕೂತು ಇದನ್ನು ಓದು.

ಒಂಬತ್ತೂ ಬೆಲೆ ಕೂಡಿಸಿದರೆ 144. 9ರಿಂದ ಭಾಗಿಸಿದರೆ 16. ಲೆಕ್ಕದಲ್ಲಿ ತಪ್ಪಿಲ್ಲ. ಈಗ ಒಂದು ಪ್ರಶ್ನೆ ಕೇಳು: ಒಂಬತ್ತು ಮನೆಯಲ್ಲಿ 16ಕ್ಕಿಂತ ಜಾಸ್ತಿ ಎಷ್ಟು ಮನೆಗೆ ಸಿಕ್ಕಿತು? ಒಂದಕ್ಕೆ. ಒಬ್ಬರಿಗೆ ಸರಿಯಾಗಿ 16. ಉಳಿದ ಏಳು ಮನೆಯೂ "ಸರಾಸರಿಗಿಂತ ಕಡಿಮೆ". ಏಳೂ ಮನೆಗೆ ಮೋಸ ಆಯಿತೇ? ಇಲ್ಲ. ಆ ಒಂದು 50 ಇಡೀ ಸರಾಸರಿಯನ್ನು ತನ್ನ ಕಡೆ ಎಳೆದುಕೊಂಡಿದೆ. ಅದನ್ನು ಬಿಟ್ಟು ಎಂಟರ ಸರಾಸರಿ ತೆಗೆದರೆ 11.75 ಬರುತ್ತದೆ.

ಇಂಥ ಕಡೆ ಮಧ್ಯಾಂಕ ನೋಡಬೇಕು. ಬೆಲೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟು ನಡುವಿನದನ್ನು ತೆಗೆದುಕೊಳ್ಳುವುದು. ಒಂಬತ್ತರಲ್ಲಿ ಐದನೆಯದು. ಅದು 12. ಆ 50 ಇದ್ದದ್ದು 5 ಲಕ್ಷ ಆದರೂ ಮಧ್ಯಾಂಕ 12 ಆಗಿಯೇ ಇರುತ್ತದೆ, ಸರಾಸರಿ ಮಾತ್ರ ಎಲ್ಲಿಗೋ ಹೋಗುತ್ತದೆ. ಇನ್ನು ಬಹುಲಕ, ಅಂದರೆ ಹೆಚ್ಚು ಸಲ ಬಂದ ಬೆಲೆ. ಅದೂ 12. ನಿಮ್ಮ ಮನೆ ಸಾಲಿನ ನಟ್ಟನಡುವೆ ಇದೆ. ಅಪ್ಪನಿಗೆ ಮೊದಲು ಇದನ್ನು ಹೇಳು.

ಯಾರ್ಡ್_ಗುಮಾಸ್ತ
ಮೇಷ್ಟ್ರು ಸರಿಯಾಗಿ ಹೇಳಿದರು. ದರಪಟ್ಟಿಯ ಮಾದರಿ ದರ ಅಂದರೆ ಅದೇ. ಅವತ್ತು ಬಂದ ಆವಕದಲ್ಲಿ ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯಿತೋ ಆ ಬೆಲೆ. ಇಲ್ಲಿ ಎಣಿಸೋದು ರೈತರ ತಲೆ ಅಲ್ಲ, ಮಾಲಿನ ತೂಕ. ಕನಿಷ್ಠ ದರ ಅಂದರೆ ತೇವ ಇರುವ, ಬಣ್ಣ ಹೋದ ಕಾಯಿ. ಗರಿಷ್ಠ ಅಂದರೆ ಕೆಲವೇ ಚೀಲ ಆರಿಸಿ ತಂದ ಮಾಲು. ಇವೆರಡನ್ನು ಕೂಡಿಸಿ ಎರಡರಿಂದ ಭಾಗಿಸಿ "ಇವತ್ತಿನ ರೇಟು" ಅಂತ ಸ್ಟೇಟಸ್ ಹಾಕುವವರನ್ನು ನಂಬಲೇಬೇಡಿ.

ಒಂದು ಕೇಳಬೇಕಿತ್ತು. ಆ 50 ಸಾವಿರದ ಲಾಟು ಎಷ್ಟು ಚೀಲ?

ಮೆಣಸಿನಹೊಲ
ಎರಡೇ ಚೀಲ. ಉಳಿದವರದ್ದು ಹೆಚ್ಚು ಕಡಿಮೆ 20 ಚೀಲ ತಲಾ.

ಯಾರ್ಡ್_ಗುಮಾಸ್ತ
ಹಾಗಿದ್ದರೆ ಮನೆ ಲೆಕ್ಕದ ಸರಾಸರಿಯೇ ತಪ್ಪು ದಾರಿ. ಚೀಲದ ಲೆಕ್ಕ ಹಾಕಿ.

ವಿದ್ಯಾನಗರ_ಬಿಕಾಂ (ಹುಬ್ಬಳ್ಳಿ)
ಹಾಕಿದೆ. ಎಂಟು ಮನೆಯ ಬೆಲೆ ಕೂಡಿಸಿದರೆ 94, ಗುಣಿಸು 20 ಚೀಲ, 1880. ಆಮೇಲೆ 50 ಗುಣಿಸು 2, ಅಂದರೆ 100. ಒಟ್ಟು 1980. ಚೀಲ 162. ಭಾಗಿಸಿದರೆ 12.2. ತೂಕಯುಕ್ತ ಸರಾಸರಿ 12,200 ರೂಪಾಯಿ. ಚೀಲದ ತೂಕ ಎಲ್ಲ ಒಂದೇ ಅಂತ ಹಿಡಿದಿದ್ದೇನೆ.

ಅದೇ ಅಂಕಿ, ಅದೇ ಊರು. 16 ಹೋಗಿ 12 ಆಯಿತು!

ಹಾನಗಲ್_ಭತ್ತ
ಸರಿ, ಒಪ್ಪೋಣ. ಹಾಗಾದರೆ ಆ 50 ಅನ್ನು ಕಿತ್ತು ಬಿಸಾಕಿ. ಲೆಕ್ಕ ಕೆಡಿಸುವ ಅಂಕಿ ಯಾಕೆ ಬೇಕು?

ಅಂಕಿಅಂಶ_ಅಕ್ಕ (ಧಾರವಾಡ)
ಬಿಸಾಕಬಾರದು ಅಣ್ಣಾ. ಹೊರಗೆ ನಿಂತ ಅಂಕಿ ಕಂಡರೆ ಮೊದಲು ಅದು ಯಾಕೆ ಬಂತು ಅಂತ ಕೇಳಬೇಕು. ಟೈಪ್ ಮಾಡುವಾಗ ಒಂದು ಸೊನ್ನೆ ಜಾಸ್ತಿ ಬಿದ್ದಿದ್ದರೆ ತಿದ್ದಬೇಕು. ನಿಜವಾಗಿ ಸಿಕ್ಕ ಬೆಲೆ ಆಗಿದ್ದರೆ ಇಟ್ಟುಕೊಳ್ಳಬೇಕು, ಪಕ್ಕದಲ್ಲಿ ಕಾರಣ ಬರೆಯಬೇಕು.

ಯಾವುದು ಹೊರಗಿನದು ಅಂತ ಗುರುತಿಸಲು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ಹೇಳಿದ ಒಂದು ಸರಳ ಪದ್ಧತಿ ಇದೆ. ಮಧ್ಯಾಂಕದ ಕೆಳಗಿನ ನಾಲ್ಕು ಬೆಲೆಯ ನಡು 9.5. ಮೇಲಿನ ನಾಲ್ಕರ ನಡು 15.5. ನಡುವಿನ ಅಂತರ 6. ಅದರ ಒಂದೂವರೆ ಪಟ್ಟು 9. 15.5ಕ್ಕೆ 9 ಕೂಡಿಸಿದರೆ 24.5. ಅದಕ್ಕಿಂತ ಮೇಲೆ ಇರುವುದು ವಿಚಾರಿಸಬೇಕಾದ ಅಂಕಿ. ವಿಚಾರಿಸಬೇಕಾದ ಅಂಕಿ ಅಂದೆ, ಅಳಿಸಬೇಕಾದ ಅಂಕಿ ಅನ್ನಲಿಲ್ಲ.

ಮೆಣಸಿನಹೊಲ ಅವರೇ, ಆ ಎರಡು ಚೀಲ ಯಾವ ತಳಿ?

ಮೆಣಸಿನಹೊಲ
ವಿಚಾರಿಸಿದೆ ಅಕ್ಕಾ. ಡಬ್ಬಿ ಕಾಯಿ, ಒಂದೊಂದೇ ಆರಿಸಿ ತಂದದ್ದು. ನಮ್ಮ ಏಳು ಮನೆಯದು ಕಡ್ಡಿ. 8 ಸಾವಿರ ಸಿಕ್ಕವರದ್ದು ಗುಂಟೂರು ತಳಿಯಂತೆ.

ಯಾರ್ಡ್_ಗುಮಾಸ್ತ
ನೋಡಿ, ಇಲ್ಲಿದೆ ವಿಷಯ! ಡಬ್ಬಿ ದಪ್ಪ, ಕೆಂಪು ಜಾಸ್ತಿ, ಖಾರ ಕಡಿಮೆ. ಕಡ್ಡಿ ಉದ್ದ, ತೆಳು, ಸುಕ್ಕು. ಇವೆರಡೂ ಬ್ಯಾಡಗಿ ಕಾಯಿಯೇ, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದು ಬ್ಯಾಡಗಿಗೆ. ಗುಂಟೂರು ಬೇರೆಯೇ, ಖಾರಕ್ಕೆ ಕೊಳ್ಳುವ ಕಾಯಿ. ಬ್ಯಾಡಗಿಯನ್ನು ಬಣ್ಣಕ್ಕೆ ಕೊಳ್ಳುತ್ತಾರೆ. ಕೊಳ್ಳುವವರೇ ಬೇರೆ, ಕೆಲಸವೇ ಬೇರೆ. ಮೂರನ್ನೂ ಒಂದೇ ಸಾಲಿನಲ್ಲಿಟ್ಟು ಸರಾಸರಿ ತೆಗೆದರೆ ಅದು ಯಾವ ಕಾಯಿಯ ಬೆಲೆಯೂ ಅಲ್ಲ. ದರಪಟ್ಟಿಯಲ್ಲಿ ತಳಿಗೊಂದು ಸಾಲು ಇರುವುದು ಇದಕ್ಕೇ.

ಬಿವಿಬಿ_ರಸ್ತೆ (ಹುಬ್ಬಳ್ಳಿ)
ಇಷ್ಟು ಉದ್ದ ಯಾಕೆ? ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ದೂರ ಹರಡಿವೆ ಅನ್ನೋ ಅಳತೆ, ತೆಗೆದರೆ ಮುಗಿಯಿತು. ಸರಾಸರಿಯಿಂದ ಒಂದು ವಿಚಲನೆ ಆಚೀಚೆ ಶೇ 68 ಅಂಕಿ ಇರುತ್ತವೆ, ಎರಡು ವಿಚಲನೆಯೊಳಗೆ ಶೇ 95, ಮೂರರೊಳಗೆ ಶೇ 99.7. ಈ ಅಂಕಿಗಳಿಗೆ ಮಾನಕ ವಿಚಲನೆ 12.3 ಬಂತು. 12 ಸಾವಿರ ಅನ್ನೋದು ಮೊದಲ ಪಟ್ಟಿಯೊಳಗೇ ಇದೆ. ಮೋಸ ಇಲ್ಲ. ಮುಂದಿನ ಪ್ರಶ್ನೆ.

ಸಪ್ತಾಪುರ_ಮೇಷ್ಟ್ರು
ನಿಲ್ಲಪ್ಪಾ. ನಿನ್ನ ನಿಯಮವನ್ನೇ ಹಿಡಿದು ಕೆಳಗೆ ಇಳಿ. ಎರಡು ವಿಚಲನೆ ಅಂದರೆ 24.6. 16ರಲ್ಲಿ ಕಳೆದರೆ ಮೈನಸ್ 8.6. ರೈತ ಕಾಯಿ ಕೊಟ್ಟು, ಮೇಲೆ 8,600 ರೂಪಾಯಿ ಕೈಯಿಂದ ಕೊಡಬೇಕೇ? ಬೆಲೆ ಸೊನ್ನೆಗಿಂತ ಕೆಳಗೆ ಹೋಗಲ್ಲ. ಇಂಥ ಉತ್ತರ ಬಂದ ಕೂಡಲೇ ನಿಯಮ ಇಲ್ಲಿ ಹೊಂದುವುದಿಲ್ಲ ಅಂತ ತಿಳಿಯಬೇಕು.

68, 95, 99.7 ಅನ್ನೋದು ನಾರ್ಮಲ್ ವಿತರಣೆಗೆ ಮಾತ್ರ. ನಡುವೆ ಎತ್ತರ, ಎರಡೂ ಕಡೆ ಒಂದೇ ರೀತಿ ಇಳಿಯುವ ಗಂಟೆ ಆಕಾರದ ಗೆರೆ. ಅಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ ಮೂರೂ ಒಂದೇ ಕಡೆ ಕೂರುತ್ತವೆ. ಇಲ್ಲಿ ಸರಾಸರಿ 16, ಮಧ್ಯಾಂಕ 12. ಈ ಅಂತರ ನೋಡಿದಾಗಲೇ ಬಾಲ ಬಲಕ್ಕೆ ಎಳೆದಿದೆ ಅಂತ ಗೊತ್ತಾಗಬೇಕು. ಬೆಲೆ, ಸಂಬಳ, ಜಮೀನಿನ ಅಳತೆ ಎಲ್ಲ ಸಾಮಾನ್ಯವಾಗಿ ಹೀಗೇ ಬಲಕ್ಕೆ ಬಾಗಿರುತ್ತವೆ.

ಆಕಾರ ಯಾವುದೇ ಇರಲಿ, ನಿಲ್ಲುವ ಮಾತು ಒಂದಿದೆ. ರಷ್ಯಾದ ಗಣಿತಜ್ಞ ಚೆಬಿಶೆವ್ ಕೊಟ್ಟದ್ದು. ಎರಡು ವಿಚಲನೆಯೊಳಗೆ ಕನಿಷ್ಠ ಶೇ 75 ಅಂಕಿ ಇದ್ದೇ ಇರುತ್ತವೆ. ಇಲ್ಲಿ ಒಂಬತ್ತರಲ್ಲಿ ಎಂಟು ಇವೆ.

ಬಿವಿಬಿ_ರಸ್ತೆ
ಸರ್, ಹಾಗಾದರೆ ಗಂಟೆ ಆಕಾರ ಎಲ್ಲಿ ಬರುತ್ತದೆ? ಪುಸ್ತಕದಲ್ಲಿ ಪ್ರತಿ ಲೆಕ್ಕವೂ "ಈ ದತ್ತಾಂಶ ನಾರ್ಮಲ್ ಎಂದು ಭಾವಿಸಿ" ಅಂತಲೇ ಶುರುವಾಗುತ್ತದೆ.

ಅಂಕಿಅಂಶ_ಅಕ್ಕ
ಒಳ್ಳೇ ಪ್ರಶ್ನೆ. ಸಣ್ಣ ಸಣ್ಣ ಕಾರಣಗಳು ತುಂಬಾ ಇದ್ದು, ಒಂದಕ್ಕೊಂದು ಸಂಬಂಧ ಇಲ್ಲದೆ, ಎಲ್ಲ ಕೂಡಿಕೊಂಡು ಒಂದು ಅಂಕಿ ಆದಾಗ ಬರುತ್ತದೆ. ಹತ್ತು ನಾಣ್ಯ ಒಟ್ಟಿಗೆ ಚಿಮ್ಮಿ ನೋಡಿ. ಒಟ್ಟು 1024 ರೀತಿ ಬೀಳಬಹುದು. ಹತ್ತೂ ತಲೆ ಬೀಳೋದು ಒಂದೇ ರೀತಿ. ಐದು ತಲೆ ಐದು ಹೂವು ಬೀಳಲು 252 ರೀತಿ. ನಾಲ್ಕು, ಐದು, ಆರು ತಲೆ ಸೇರಿಸಿದರೆ 672, ಅಂದರೆ ಶೇ 66ರ ಹತ್ತಿರ. ತುದಿಯಲ್ಲಿ ಕಡಿಮೆ, ನಡುವೆ ಗುಂಪು. ನಾಣ್ಯ ಹೆಚ್ಚಿಸುತ್ತಾ ಹೋದರೆ ಮೆಟ್ಟಿಲು ಮೆಟ್ಟಿಲು ಇದ್ದದ್ದು ನುಣುಪಾದ ಗೆರೆ ಆಗುತ್ತದೆ. 1733ರಲ್ಲಿ ಗಣಿತಜ್ಞ ಡಿ ಮಾವ್ರ್ ಈ ಗೆರೆಗೆ ಮುಟ್ಟಿದ್ದು ಇದೇ ನಾಣ್ಯದ ಲೆಕ್ಕದಿಂದ. ಗಾಸ್ 1809ರಲ್ಲಿ ಬಂದದ್ದು ಬೇರೆ ದಾರಿಯಿಂದ, ಆಕಾಶಕಾಯಗಳನ್ನು ಅಳೆಯುವಾಗ ಆಗುವ ತಪ್ಪುಗಳ ಲೆಕ್ಕದಿಂದ.

ಒಂದೇ ವಯಸ್ಸಿನ ಹುಡುಗರ ಎತ್ತರ ಈ ಗೆರೆಗೆ ಚೆನ್ನಾಗಿ ಹೊಂದುತ್ತದೆ. ಸರಾಸರಿ 165 ಸೆಂ.ಮೀ., ವಿಚಲನೆ 6 ಅಂತ ಹಿಡಿದರೆ, 153ರಿಂದ 177ರೊಳಗೆ ಶೇ 95 ಹುಡುಗರು. ಅದೇ ಹುಡುಗರ ಮನೆಯ ಆದಾಯ ತೆಗೆದುಕೊಂಡರೆ ಹೊಂದಲ್ಲ. ಒಂದೇ ತರಗತಿ, ಒಂದೇ ಮಕ್ಕಳು.

ಅಂಗನವಾಡಿ_ಟೀಚರ್ (ಶಿಗ್ಗಾಂವಿ)
ಮೇಷ್ಟ್ರೇ, ಅಕ್ಕಾ, ನಮ್ಮ ಕೆಲಸಕ್ಕೆ ಸಂಬಂಧಪಟ್ಟ ಮಾತು ಬಂತು ಅಂತ ಬರೆಯುತ್ತಿದ್ದೇನೆ. ಮಕ್ಕಳ ತೂಕ ಹಾಕಿ ಬೆಳವಣಿಗೆ ಚಾರ್ಟಿನಲ್ಲಿ ಗುರುತು ಮಾಡುತ್ತೇವೆ. ಮೈನಸ್ 2 ಗೆರೆಗಿಂತ ಕೆಳಗೆ ಹೋದರೆ ಕಡಿಮೆ ತೂಕ, ಮೈನಸ್ 3ಕ್ಕಿಂತ ಕೆಳಗೆ ತೀವ್ರ ಕಡಿಮೆ ತೂಕ. ಅದು ಇದೇ ವಿಚಲನೆ ಅಲ್ವಾ? ತಾಯಂದಿರು ಕೇಳುತ್ತಾರೆ, "ಎಲ್ಲ ಮಕ್ಕಳೂ ಒಂದೇ ತೂಕ ಇರಬೇಕಾ, ನಮ್ಮದು ಸಣ್ಣ ಮೈಕಟ್ಟು" ಅಂತ. ಏನು ಹೇಳಬೇಕು?

ಅಂಕಿಅಂಶ_ಅಕ್ಕ
ಅದೇ ವಿಚಲನೆ ಟೀಚರ್. ತಾಯಂದಿರು ಕೇಳೋದರಲ್ಲಿ ತಪ್ಪಿಲ್ಲ. ಚೆನ್ನಾಗಿ ಉಂಡು, ಕಾಯಿಲೆ ಇಲ್ಲದೆ ಬೆಳೆದ ಮಕ್ಕಳಲ್ಲೂ ಸುಮಾರು ಶೇ 2.3 ಮಂದಿ ಮೈನಸ್ 2ರ ಕೆಳಗೆ ಇರುತ್ತಾರೆ. ಮೈನಸ್ 3ರ ಕೆಳಗೆ ಸಾವಿರಕ್ಕೆ ಒಂದೋ ಎರಡೋ. ಹಾಗಾಗಿ ಒಂದು ಮಗು ಗೆರೆಯ ಕೆಳಗೆ ಇದ್ದ ಮಾತ್ರಕ್ಕೆ ತಾಯಿಯನ್ನು ಬೈಯಬಾರದು. ಮಗುವನ್ನು ನೋಡಬೇಕು, ತಿಂಗಳು ತಿಂಗಳು ಗೆರೆ ಏರುತ್ತಿದೆಯಾ ನೋಡಬೇಕು.

ಆದರೆ ಇಡೀ ರಾಜ್ಯದ ಲೆಕ್ಕ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 32.9 ಕಡಿಮೆ ತೂಕದವರು. 2.3 ಇರಬೇಕಾದ ಕಡೆ 32.9. ಇದನ್ನು ಮೈಕಟ್ಟು ಅಂತ ಹೇಳಿ ಬಿಡಲು ಆಗಲ್ಲ. ಇಡೀ ಗಂಟೆಯೇ ಎಡಕ್ಕೆ ಸರಿದಿದೆ. ಗೆರೆಯ ಮೇಲೆ ಇರುವ ಮಕ್ಕಳಲ್ಲೂ ಎಷ್ಟೋ ಮಂದಿ ಬೆಳೆಯಬೇಕಾದಷ್ಟು ಬೆಳೆದಿಲ್ಲ ಅಂತ ಅರ್ಥ. ಹಾಗಾಗಿ ಮೊಟ್ಟೆ, ಹಾಲು ಬರೀ ಗೆರೆಯ ಕೆಳಗಿನ ಮಕ್ಕಳಿಗೆ ಸಾಕು ಅನ್ನುವವರ ಮಾತು ನಾನು ಒಪ್ಪಲ್ಲ.

ಸಪ್ತಾಪುರ_ಮೇಷ್ಟ್ರು
ಒಂದು ತಿದ್ದುಪಡಿ. ಎತ್ತರ ಗಂಟೆಗೆ ಹೊಂದುತ್ತದೆ, ತೂಕ ಅಷ್ಟು ಹೊಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಪಟ್ಟಿಯಲ್ಲಿ ಒಂದು ವರ್ಷದ ಗಂಡು ಮಗುವಿನ ಮಧ್ಯಾಂಕ ತೂಕ 9.6 ಕೆ.ಜಿ. ಮೈನಸ್ 2 ಗೆರೆ 7.7, ಪ್ಲಸ್ 2 ಗೆರೆ 12.0. ಕೆಳಗೆ 1.9 ಕೆ.ಜಿ. ಅಂತರ, ಮೇಲೆ 2.4. ಎರಡೂ ಕಡೆ ಒಂದೇ ಇಲ್ಲ, ನೋಡಿದಿರಾ? ತೂಕ ಬಲಕ್ಕೆ ಬಾಗಿರುವುದನ್ನು ಲೆಕ್ಕದಲ್ಲಿ ಸರಿಪಡಿಸಿಕೊಂಡೇ ಈ ಗೆರೆ ಎಳೆದಿದ್ದಾರೆ. ಅದಕ್ಕೆ ಟೀಚರ್, ಚಾರ್ಟ್ ಬಿಟ್ಟು ನೀವೇ ಸರಾಸರಿಯಿಂದ ಕಳೆದು ಲೆಕ್ಕ ಹಾಕಲು ಹೋಗಬೇಡಿ. ಚಾರ್ಟನ್ನೇ ನೋಡಿ.

ಅಂಗನವಾಡಿ_ಟೀಚರ್
ಬರೆದಿಟ್ಟುಕೊಂಡೆ ಸರ್. 2.3 ಮತ್ತು 32.9. ಮುಂದಿನ ತಾಯಂದಿರ ಸಭೆಯಲ್ಲಿ ಇದನ್ನೇ ಹೇಳುತ್ತೇನೆ.

ಕಪ್ಪತಗುಡ್ಡ (ಗದಗ)
ನಮ್ಮ ಕಡೆ ಇದೇ ಗೋಳು ಮಳೆ ಲೆಕ್ಕದಲ್ಲಿ. "ಜಿಲ್ಲೆಯಲ್ಲಿ ವಾಡಿಕೆ ಮಳೆ" ಅಂತ ಸುದ್ದಿ ಬರುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದೀರ್ಘಾವಧಿ ಸರಾಸರಿಗಿಂತ ಶೇ 19ರವರೆಗೆ ಹೆಚ್ಚು ಅಥವಾ ಕಡಿಮೆ ಬಿದ್ದರೂ ಅದು ವಾಡಿಕೆಯೇ. ಶೇ 20 ಕಡಿಮೆ ಆದರೆ ಮಾತ್ರ ಕೊರತೆ. ಆದರೆ ಎರೆ ಹೊಲದ ಹೆಸರುಕಾಳಿನ ಬೆಳೆಗೆ ಒಟ್ಟು ಮಳೆ ಎಷ್ಟು ಅನ್ನೋದಕ್ಕಿಂತ ಯಾವಾಗ ಬಿತ್ತು ಅನ್ನೋದು ಮುಖ್ಯ. ಹೂವು ಬಿಡುವಾಗ ಬರದೆ, ಕಾಯಿ ಬಿಡಿಸುವಾಗ ಸುರಿದರೆ ಸರಾಸರಿ ಚೆನ್ನಾಗಿಯೇ ಇರುತ್ತದೆ, ಹೆಸರು ಮಾತ್ರ ಗಿಡದಲ್ಲೇ ಮೊಳಕೆ ಒಡೆದಿರುತ್ತದೆ.

ಅಂಕಿಅಂಶ_ಅಕ್ಕ
ಸರಿಯಾದ ಮಾತು. ನಿಮ್ಮ ಕಡೆ ವರ್ಷದ ದಿನಗಳನ್ನೆಲ್ಲ ಮಳೆಯ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದರೆ ಮಧ್ಯಾಂಕ ಸೊನ್ನೆ. ಅರ್ಧಕ್ಕಿಂತ ಜಾಸ್ತಿ ದಿನ ಮಳೆಯೇ ಇಲ್ಲ. ದಿನದ ಮಳೆಗೆ ಗಂಟೆ ಆಕಾರ ಹತ್ತಿರಕ್ಕೂ ಬರಲ್ಲ. ಸರಾಸರಿ ಜೊತೆಗೆ ಮಳೆ ದಿನ ಎಷ್ಟು, ನಡುವೆ ಒಣ ದಿನ ಎಷ್ಟು ಅಂತಲೂ ಕೊಡಬೇಕು.

ಮುಂಡರಗಿ_ಹೊಳೆದಂಡೆ
ವಿಷಯ ಸ್ವಲ್ಪ ಬಿಟ್ಟು ಹೇಳುತ್ತೇನೆ. ಇಷ್ಟೆಲ್ಲ ಸಂಖ್ಯಾಶಾಸ್ತ್ರ ಮಾತಾಡಿದಿರಿ, ಸಿ.ಆರ್. ರಾವ್ ಹೆಸರು ಯಾರೂ ಎತ್ತಲಿಲ್ಲ. ನಮ್ಮಿಂದ ಹೊಳೆ ದಾಟಿದರೆ ಹೂವಿನಹಡಗಲಿ. ಅಲ್ಲೇ 1920ರಲ್ಲಿ ಹುಟ್ಟಿದವರು. ಕನ್ನಡಿಗರು!

ಬೆಟಗೇರಿ_ಮಗ್ಗ (ಗದಗ)
ಹುಟ್ಟಿದ್ದು ಅಲ್ಲೇ, ಸರಿ. ಆದರೆ ಮನೆಮಾತು ತೆಲುಗು, ಓದಿದ್ದು ಆಂಧ್ರ ವಿಶ್ವವಿದ್ಯಾಲಯದಲ್ಲಿ. ಆಗ ಹಡಗಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಈಗ ವಿಜಯನಗರ ಜಿಲ್ಲೆ. ಆಮೇಲೆ ಮಹಾಲನೋಬಿಸ್ ಕಟ್ಟಿದ ಕಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿದರು. 25ರ ವಯಸ್ಸಿನಲ್ಲಿ, 1945ರಲ್ಲಿ ಬರೆದ ಒಂದು ಲೇಖನವನ್ನು ಇವತ್ತಿಗೂ ಓದುತ್ತಾರೆ. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು, ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು, 102 ವರ್ಷ.

ಮುಂಡರಗಿ_ಹೊಳೆದಂಡೆ
ಮಾತು ಯಾವುದೇ ಇರಲಿ, ಹಡಗಲಿಯಲ್ಲಿ ಹುಟ್ಟಿದವರು. ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ವಿದ್ಯಾನಗರ_ಬಿಕಾಂ
ಮತ್ತೆ ಲೆಕ್ಕಕ್ಕೆ ಬರೋಣ. ಬಿವಿಬಿ_ರಸ್ತೆ ಅವರಿಗೆ ಮಾನಕ ವಿಚಲನೆ 12.3 ಬಂದಿದೆ. ನಾನು ಎಕ್ಸೆಲ್‌ನಲ್ಲಿ ಹಾಕಿದರೆ 13.01. ಯಾರದು ಸರಿ? ನಾಳಿದ್ದು ಇಂಟರ್ನಲ್ಸ್ ಇದೆ.

ಸಪ್ತಾಪುರ_ಮೇಷ್ಟ್ರು
ಎರಡೂ ಸರಿ, ಕೇಳುವ ಪ್ರಶ್ನೆ ಬೇರೆ. ಸರಾಸರಿಯಿಂದ ಪ್ರತಿ ಬೆಲೆಯ ಅಂತರ ತೆಗೆದು, ವರ್ಗ ಮಾಡಿ ಕೂಡಿಸಿದರೆ 1354. ಇವು ಒಂಬತ್ತೇ ಮನೆ, ನಮಗೆ ಬೇಕಾದದ್ದೂ ಇವರದ್ದೇ ಅಂದರೆ 9ರಿಂದ ಭಾಗಿಸು. ವರ್ಗಮೂಲ 12.27. ಈ ಒಂಬತ್ತನ್ನು ಇಡೀ ಮಾರುಕಟ್ಟೆಯ ಒಂದು ಸ್ಯಾಂಪಲ್ ಅಂತ ಹಿಡಿದು, ಮಾರುಕಟ್ಟೆಯ ಹರಡು ಅಂದಾಜು ಮಾಡಬೇಕು ಅಂದರೆ 8ರಿಂದ ಭಾಗಿಸು. ಆಗ 13.01.

ಯಾಕೆ ಒಂದು ಕಡಿಮೆ ಅಂದರೆ, ಅಂತರ ಅಳೆಯಲು ಬಳಸಿದ ಸರಾಸರಿಯೂ ಇದೇ ಒಂಬತ್ತರಿಂದ ಬಂದದ್ದು. ಅದು ಈ ಅಂಕಿಗಳಿಗೇ ಹತ್ತಿರ ಕೂರುತ್ತದೆ. ಹಾಗಾಗಿ ಹರಡು ನಿಜಕ್ಕಿಂತ ಕಡಿಮೆ ಕಾಣುತ್ತದೆ. ಅದನ್ನು ಸರಿ ಮಾಡಲು 8. ಪರೀಕ್ಷೆಯಲ್ಲಿ ಪ್ರಶ್ನೆ ಓದಿ, ಸ್ಯಾಂಪಲ್ ಅಂತ ಇದೆಯಾ ನೋಡು.

ಮೆಣಸಿನಹೊಲ
ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. "ಹಾಗಾದರೆ ಕಡ್ಡಿ ಕಾಯಿಯವರದ್ದು ಮಾತ್ರ ಬೇರೆ ಮಾಡಿ ಹೇಳು" ಅಂದರು. ಮಾಡಿದೆ. ಏಳು ಮನೆ: 9, 10, 12, 12, 12, 15, 16. ಮಧ್ಯಾಂಕ 12. ಈಗ ಅವರ ಪ್ರಶ್ನೆ ಬದಲಾಗಿದೆ: 15, 16 ಸಿಕ್ಕವರು ಏನು ಮಾಡಿದ್ದರು?

ಯಾರ್ಡ್_ಗುಮಾಸ್ತ
ಅದು ಕೇಳಬೇಕಾದ ಪ್ರಶ್ನೆ. ಒಣಗಿಸಿದ್ದು ಹೇಗೆ, ತೊಟ್ಟು, ಬಣ್ಣ ಹೇಗಿತ್ತು, ಎಷ್ಟು ಜನ ಖರೀದಿದಾರರು ದರ ಹಾಕಿದ್ದರು, ಎಲ್ಲ ವಿಚಾರಿಸಿ. ಮುಂದಿನ ಸಲ ಟೆಂಡರ್ ದರದ ಚೀಟಿ ಕೇಳಿ ಇಟ್ಟುಕೊಳ್ಳಿ. ಅದರಲ್ಲಿ ಅನುಮಾನ ಬಂದರೆ ಎಪಿಎಂಸಿ ಕಚೇರಿಗೆ ಅದೇ ಚೀಟಿ ಹಿಡಿದು ಹೋಗಿ.

ಬಿವಿಬಿ_ರಸ್ತೆ
ಮೇಷ್ಟ್ರೇ, ಕೊನೆಗೆ ನನ್ನದೂ ಒಂದು. ನಮ್ಮ ಕಾಲೇಜಿನಲ್ಲಿ ಒಬ್ಬ ಲೆಕ್ಚರರ್ 40 ಮಂದಿ ಸೆಕ್ಷನ್ನಿಗೆ ಬೆಲ್ ಕರ್ವ್, ಅಂದರೆ ಇದೇ ಗಂಟೆ ಗೆರೆ, ಹಾಕಿ ಗ್ರೇಡ್ ಕೊಡುತ್ತಾರೆ. ಎಷ್ಟೇ ಚೆನ್ನಾಗಿ ಬರೆದರೂ ಇಷ್ಟು ಮಂದಿಗೆ ಕಡಿಮೆ ಗ್ರೇಡ್ ಬರಲೇಬೇಕು ಅಂತ. ಇದು ನ್ಯಾಯವೇ?

ಸಪ್ತಾಪುರ_ಮೇಷ್ಟ್ರು
ನನ್ನ ಮಟ್ಟಿಗೆ ಅಲ್ಲ. ಗಂಟೆ ಆಕಾರ ಅಂಕಿಗಳಲ್ಲಿ ಇದ್ದರೆ ನೋಡಬೇಕು. ಇಲ್ಲದ ಕಡೆ ಮಕ್ಕಳನ್ನು ಕತ್ತರಿಸಿ ಕೂರಿಸಬಾರದು. 40 ಅನ್ನೋದೇ ಸಣ್ಣ ಗುಂಪು. ಮೇಲಾಗಿ ನೀವೆಲ್ಲ ಸಿಇಟಿ ರ್‍ಯಾಂಕಿನಿಂದ ಆರಿಸಿ ಬಂದವರು, ಕೆಳಗಿನ ಬಾಲ ಆಗಲೇ ಕತ್ತರಿಸಿ ಹೋಗಿದೆ. ಮೇಷ್ಟ್ರು ಚೆನ್ನಾಗಿ ಕಲಿಸಿದರೆ ಅಂಕಗಳು ಮೇಲಿನ ತುದಿಯಲ್ಲಿ ಗುಂಪು ಕೂಡಬೇಕು. ನಾನು ಕಲಿಸುವ ತರಗತಿಯಲ್ಲಿ ಗಂಟೆ ಬಂದರೆ, ಅರ್ಧ ಮಕ್ಕಳಿಗೆ ಇನ್ನೊಂದು ಸಲ ಕಲಿಸಬೇಕು ಅಂತ ಅಂದುಕೊಳ್ಳುತ್ತೇನೆ.

ಬೆಟಗೇರಿ_ಮಗ್ಗ
ಕಂಪನಿಗಳಲ್ಲೂ ಅಪ್ರೈಸಲ್‌ಗೆ ಇದನ್ನೇ ಮಾಡುತ್ತಾರೆ. ಹತ್ತು ಜನರ ಟೀಮಿಗೆ ಬೆಲ್ ಕರ್ವ್!

ಬಿವಿಬಿ_ರಸ್ತೆ
ಸರ್, ನಮ್ಮ ಸೆಕ್ಷನ್ ಅಂಕಗಳನ್ನು ಐದೈದರ ಗುಂಪು ಮಾಡಿ ಹಿಸ್ಟೋಗ್ರಾಂ ಬರೆದೆ. ಗಂಟೆ ಇಲ್ಲವೇ ಇಲ್ಲ, ಎರಡು ಗುಡ್ಡ ಬಂದಿವೆ. ಪ್ರೋಗ್ರಾಮಿಂಗ್ ಪೇಪರ್ ಇದು. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತಗೊಂಡವರು ಒಂದು ಗುಡ್ಡ, ಬಯಾಲಜಿ ತಗೊಂಡವರು ಇನ್ನೊಂದು. ಕೆಳಗಿನ ಗ್ರೇಡ್ ಹೆಚ್ಚುಕಡಿಮೆ ಎಲ್ಲ ಎರಡನೇ ಗುಡ್ಡಕ್ಕೇ ಬಿದ್ದಿದೆ. ಇದನ್ನು ಎಚ್‌ಒಡಿ ಹತ್ತಿರ ಒಯ್ಯೋಣ ಅಂತ ಇದ್ದೇವೆ.

ಅಂಕಿಅಂಶ_ಅಕ್ಕ
ಒಯ್ಯಿರಿ. ಎರಡೂ ಗುಂಪಿನ ಮಧ್ಯಾಂಕ ಬೇರೆ ಬೇರೆ ಬರೆಯಿರಿ, ಗುಂಪಿಗೆ ಎಷ್ಟು ಮಂದಿ ಅಂತಲೂ ಹಾಕಿ. ಹುಡುಗರ ಹೆಸರು, ರೋಲ್ ನಂಬರ್ ಮಾತ್ರ ತೆಗೆದುಬಿಡಿ, ಬರೀ ಅಂಕ ಸಾಕು. ಗ್ರೇಡ್ ಬದಲಿಸಿ ಅಂತ ಕೇಳುವ ಮೊದಲು ಎರಡನೇ ಗುಂಪಿಗೆ ಹಿಂದಿನ ಪಾಠ ತುಂಬಿಕೊಡುವ ಬ್ರಿಡ್ಜ್ ಕ್ಲಾಸ್ ಕೊಡಿ ಅಂತ ಕೇಳಿ.